ಏರ್‌ಫ್ಲೋ ಸೆನ್ಸರ್ ಬದಲಿಸಿದರೆ ಗಾಡಿಗೆ ಪಿಕಪ್ ಬರುತ್ತದೆಯೇ? ದುಡ್ಡು ಹಾಕುವ ಮೊದಲು ಇಷ್ಟು ನೋಡಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹಾಸನದ ನಮ್ಮ ಗ್ಯಾರೇಜಿಗೆ ಸರಕು ಹೇರುವ ಒಂದು ಪಿಕಪ್ ಗಾಡಿ ಬಂತು. 2.5 ಲೀಟರ್ ಡೀಸೆಲ್ ಇಂಜಿನ್, ಹೊಗೆ ನಿಯಮದಲ್ಲಿ ಬಿಎಸ್ 4. ಇಲ್ಲಿಂದ ಆಲೂಗಡ್ಡೆ, ಶುಂಠಿ ತುಂಬಿಕೊಂಡು ಮಂಗಳೂರಿಗೆ ಇಳಿದು, ಬರುವಾಗ ಮೀನಿನ ಬಾಕ್ಸ್ ಹೇರಿಕೊಂಡು ಬರುವ ಗಾಡಿ. ಡ್ರೈವರ್ ಇಳಿದವನೇ ಒಂದು ಪುಟ್ಟ ರಟ್ಟಿನ ಡಬ್ಬಿಯನ್ನು ನನ್ನ ಮುಂದಿಟ್ಟ.

“ಅಣ್ಣ, ಗುಂಡ್ಯದಿಂದ ಘಾಟಿ ಹತ್ತೋವಾಗ ಎಳೀತಾನೇ ಇಲ್ಲ. ಮೂರನೇ ಗೇರಲ್ಲಿ ಹತ್ತುತಿದ್ದ ಜಾಗಕ್ಕೆ ಈಗ ಎರಡನೇದು ಹಾಕ್ಬೇಕು. ಇದನ್ನ ಹಾಕಿದ್ರೆ ಪಿಕಪ್ ಬರುತ್ತೆ ಅಂದ್ರು. ಹಾಕ್ಕೊಡಿ.”

ಡಬ್ಬಿಯಲ್ಲಿದ್ದದ್ದು ಏರ್‌ಫ್ಲೋ ಸೆನ್ಸರ್. ಮೇಲೆ ‘ಹೈ ಪರ್ಫಾರ್ಮೆನ್ಸ್’ ಎಂದು ದೊಡ್ಡದಾಗಿ ಅಚ್ಚಾಗಿತ್ತು, ಪಾರ್ಟ್ ನಂಬರ್ ಮಾತ್ರ ಎಲ್ಲೂ ಇರಲಿಲ್ಲ. ಎರಡು ಟ್ರಿಪ್ಪಿನ ಉಳಿತಾಯವನ್ನು ಅದಕ್ಕೆ ಸುರಿದಿದ್ದ. ಇಂಥ ಡಬ್ಬಿ ಹಿಡಿದುಕೊಂಡು ಬರುವವರು ಈಗ ತಿಂಗಳಿಗೆ ಇಬ್ಬರು ಮೂವರಾದರೂ ಸಿಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗಾಡಿಯ ಸೆನ್ಸರ್ ಚೆನ್ನಾಗಿದ್ದರೆ, ಅದರ ಜಾಗಕ್ಕೆ ಎಷ್ಟು ದುಬಾರಿಯದನ್ನು ತಂದು ಹಾಕಿದರೂ ಇಂಜಿನ್‌ನ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ. ಕೆಟ್ಟಿದ್ದರೆ, ಕಂಪನಿ ಹೇಳಿದ ಅದೇ ನಂಬರಿನ ಸೆನ್ಸರ್ ಹಾಕಿದಾಗ ಕಳೆದುಹೋಗಿದ್ದ ಶಕ್ತಿ ವಾಪಸ್ ಬರುತ್ತದೆ. ಹಾಗಾಗಿ ನಿಮ್ಮದು ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅದನ್ನು ಹೇಗೆ ತಿಳಿಯುವುದು ಎಂದು ಹಂತ ಹಂತವಾಗಿ ಹೇಳುತ್ತೇನೆ.

ಸೆನ್ಸರ್ ಮಾಡುವ ಕೆಲಸವೇನು

ಏರ್ ಫಿಲ್ಟರ್ ದಾಟಿದ ಗಾಳಿ ಇಂಜಿನ್ ಕಡೆ ಹೋಗುವ ದಾರಿಯಲ್ಲಿ ಈ ಸೆನ್ಸರ್ ಕೂತಿರುತ್ತದೆ. ಒಳಗೆ ಕೂದಲಿನಷ್ಟು ಸಣ್ಣ ಪ್ಲಾಟಿನಂ ತಂತಿ, ಇಲ್ಲವೇ ಅದಕ್ಕಿಂತ ತೆಳುವಾದ ಒಂದು ಪೊರೆ. ಅದನ್ನು ಕರೆಂಟಿನಿಂದ ಬಿಸಿ ಮಾಡಿ, ಒಳಬರುವ ಗಾಳಿಗಿಂತ ಇಷ್ಟು ಡಿಗ್ರಿ ಹೆಚ್ಚಿಗೇ ಇರಬೇಕು ಎಂದು ಸರ್ಕ್ಯೂಟ್ ಕಾಯುತ್ತಿರುತ್ತದೆ. ಗಾಳಿ ಬೀಸಿದಷ್ಟೂ ತಂತಿ ತಣ್ಣಗಾಗುತ್ತದೆ, ಮತ್ತೆ ಬಿಸಿ ಮಾಡಲು ಹೆಚ್ಚು ಕರೆಂಟು ಬೇಕಾಗುತ್ತದೆ. ಬಿಸಿ ಸಾರಿನ ಮೇಲೆ ಊದಿದರೆ ಬೇಗ ಆರುತ್ತದಲ್ಲ, ಅದೇ ಲೆಕ್ಕ. ಎಷ್ಟು ಕರೆಂಟು ಬೇಕಾಯಿತು ಎನ್ನುವುದರಿಂದ ಎಷ್ಟು ಗ್ರಾಂ ಗಾಳಿ ಒಳಗೆ ಹೋಯಿತು ಎಂದು ಗೊತ್ತಾಗುತ್ತದೆ. ಆ ಸುದ್ದಿ ಇಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಹೋಗುತ್ತದೆ.

ಅಂದರೆ ಇದು ಅಂಗಡಿಯ ತಕ್ಕಡಿ ಇದ್ದಹಾಗೆ. ತಕ್ಕಡಿ ಹೊಸದಾದ ಮಾತ್ರಕ್ಕೆ ಚೀಲದೊಳಗಿನ ಅಕ್ಕಿ ಹೆಚ್ಚಾಗುವುದಿಲ್ಲ. ಆದರೆ ತಕ್ಕಡಿ ತಪ್ಪು ತೋರಿಸಿದರೆ ವ್ಯಾಪಾರ ಪೂರ್ತಿ ಎಡವಟ್ಟಾಗುತ್ತದೆ.

ಇಲ್ಲಿ ಪೆಟ್ರೋಲ್ ಗಾಡಿಗೂ ಡೀಸೆಲ್ ಗಾಡಿಗೂ ಇರುವ ವ್ಯತ್ಯಾಸ ತಿಳಿದುಕೊಳ್ಳಬೇಕು. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಪೆಟ್ರೋಲ್ ಇಂಜಿನ್‌ನಲ್ಲಿ ಗಾಳಿಯ ಲೆಕ್ಕವೇ ಇಂಧನದ ಲೆಕ್ಕ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬ ಪ್ರಮಾಣ ಹಿಡಿದು ಇಸಿಎಂ ಇಂಜೆಕ್ಟರ್ ತೆರೆಯುತ್ತದೆ. ಸೆನ್ಸರ್ ಕಡಿಮೆ ಹೇಳಿದರೆ ಪೆಟ್ರೋಲೂ ಕಡಿಮೆ, ಹೆಚ್ಚು ಹೇಳಿದರೆ ಅದೂ ಹೆಚ್ಚು.

ಡೀಸೆಲ್‌ನಲ್ಲಿ ಹಾಗಲ್ಲ. ಎಷ್ಟು ಡೀಸೆಲ್ ಬೇಕೆಂದು ಮೊದಲು ಕೇಳುವುದು ನಿಮ್ಮ ಕಾಲು, ಅಂದರೆ ಆಕ್ಸಿಲರೇಟರ್. ಏರ್‌ಫ್ಲೋ ಸೆನ್ಸರಿಗೆ ಅಲ್ಲಿ ಮುಖ್ಯವಾಗಿ ಎರಡು ಕೆಲಸ. ಒಂದು, ಇಜಿಆರ್ ವಾಲ್ವ್ ಎಷ್ಟು ಹೊಗೆಯನ್ನು ವಾಪಸ್ ಇಂಜಿನ್ನಿಗೆ ಬಿಡಬೇಕು ಎಂದು ಹೇಳುವುದು. ಇನ್ನೊಂದು, ಇಷ್ಟು ಗಾಳಿಗೆ ಇದಕ್ಕಿಂತ ಹೆಚ್ಚು ಡೀಸೆಲ್ ಬಿಟ್ಟರೆ ಕಪ್ಪು ಹೊಗೆ ಬರುತ್ತದೆ ಎಂದು ತಡೆಯುವುದು. ಸೆನ್ಸರ್ ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸಿದರೆ, ನೀವು ಕಾಲು ಪೂರ್ತಿ ಒತ್ತಿದರೂ ಇಸಿಎಂ ಡೀಸೆಲ್ ತಡೆಹಿಡಿಯುತ್ತದೆ. ಗಾಡಿ ಎಳೆಯುವುದಿಲ್ಲ, ಹೊಗೆಯೂ ಇರುವುದಿಲ್ಲ. ಹೆಚ್ಚು ತೋರಿಸಿದರೆ ಇಜಿಆರ್ ಬೇಕಾದ್ದಕ್ಕಿಂತ ಜಾಸ್ತಿ ತೆರೆದುಕೊಳ್ಳುತ್ತದೆ, ಕಪ್ಪು ಹೊಗೆ ಬರುತ್ತದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಮಸಿ ಕಟ್ಟುತ್ತದೆ. ಬಿಎಸ್ 6 ಗಾಡಿಯಾದರೆ ಆ ಮಸಿ, ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ಗೂ ಹೊರೆ.

ಈ ಎರಡು ಲಕ್ಷಣ ನೆನಪಿಟ್ಟುಕೊಳ್ಳಿ: ಹೊಗೆಯಿಲ್ಲದೆ ಎಳೆತ ಕಡಿಮೆ, ಹೊಗೆಯ ಜೊತೆ ಎಳೆತ ಕಡಿಮೆ. ಮುಂದೆ ಬೇಕಾಗುತ್ತವೆ.

‘ದೊಡ್ಡ ಸೆನ್ಸರ್’ ಎಂಬ ನಂಬಿಕೆ ಬಂದದ್ದೆಲ್ಲಿಂದ

ದೊಡ್ಡ ಸೆನ್ಸರ್ ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬುದು ಪೂರ್ತಿ ಸುಳ್ಳಿನಿಂದ ಹುಟ್ಟಿದ ನಂಬಿಕೆಯಲ್ಲ. 1970ರ ದಶಕದಲ್ಲಿ ಬಾಷ್ ಕಂಪನಿ ತಂದ ಎಲ್-ಜೆಟ್ರಾನಿಕ್ ಎಂಬ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಗಾಳಿಯ ದಾರಿಗೆ ಅಡ್ಡಲಾಗಿ ಸ್ಪ್ರಿಂಗ್ ಹಾಕಿದ ಒಂದು ಬಾಗಿಲಿತ್ತು. ಗಾಳಿ ಅದನ್ನು ತಳ್ಳಿಕೊಂಡೇ ಒಳಗೆ ಹೋಗಬೇಕು, ಎಷ್ಟು ತಳ್ಳಿತು ಎನ್ನುವುದೇ ಅಳತೆ. ಅದು ನಿಜವಾಗಿಯೂ ಗಾಳಿಗೆ ತಡೆಯೇ. 1980ರ ದಶಕದ ಆರಂಭದಲ್ಲಿ ಎಲ್‌ಎಚ್-ಜೆಟ್ರಾನಿಕ್‌ನ ಬಿಸಿ ತಂತಿ ಬಂದಮೇಲೆ ಆ ಬಾಗಿಲು ಹೋಯಿತು. ಹಳೆಯ ಬಾಗಿಲಿನ ಮೀಟರ್ ತೆಗೆದು, ಇಸಿಎಂ ಸಮೇತ ಬಿಸಿ ತಂತಿಯ ವ್ಯವಸ್ಥೆ ಹಾಕಿಸಿಕೊಂಡವರಿಗೆ ಆ ಕಾಲದಲ್ಲಿ ಲಾಭವಾದದ್ದು ನಿಜ.

ಆಮೇಲೆ ಅಮೆರಿಕದ ದೊಡ್ಡ ಪೆಟ್ರೋಲ್ ಪಿಕಪ್‌ಗಳ ಕಾಲ. ಅಲ್ಲಿ ವಿ8 ಇಂಜಿನ್‌ಗಳಿಗೆ ಕ್ಯಾಮ್ ಬದಲಿಸುವುದು, ಸೂಪರ್‌ಚಾರ್ಜರ್ ಕೂರಿಸುವುದು ದೊಡ್ಡ ಹವ್ಯಾಸ. ಹಾಗೆ ಮಾಡಿದಾಗ ಮೂಲ ಸೆನ್ಸರ್ ಅಳೆಯಬಲ್ಲದ್ದಕ್ಕಿಂತ ಹೆಚ್ಚು ಗಾಳಿ ನುಗ್ಗುತ್ತದೆ. 5 ವೋಲ್ಟಿನವರೆಗೆ ಮಾತ್ರ ತೋರಿಸಬಲ್ಲ ಸೆನ್ಸರ್ 5 ವೋಲ್ಟಿನ ಹತ್ತಿರ ಹೋಗಿ ನಿಂತುಬಿಡುತ್ತದೆ, ಮುಂದಿನ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಅಂಥ ಇಂಜಿನ್ನಿಗೆ 75 ಮಿಲಿಮೀಟರ್ ಕೊಳವೆಯ ಬದಲು 85 ಮಿಲಿಮೀಟರಿನದು ಬೇಕಾಗುತ್ತದೆ. ಜೊತೆಗೆ ಇಸಿಎಂನ ಲೆಕ್ಕವನ್ನೂ ಹೊಸದಾಗಿ ಬರೆಯಬೇಕು. ಆ ಅಪ್‌ಗ್ರೇಡಿನ ಅರ್ಧ ಮಾತ್ರ ನಮ್ಮ ಕಡೆಗೆ ಬಂತು: ದೊಡ್ಡ ಸೆನ್ಸರ್ ಬಂತು, ಇಸಿಎಂ ಲೆಕ್ಕದ ಮಾತು ಅಲ್ಲೇ ಉಳಿಯಿತು.

ಲೆಕ್ಕ ಬದಲಿಸದೆ ದೊಡ್ಡದನ್ನು ಹಾಕಿದರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆ ನೋಡೋಣ. 75ರಿಂದ 85ಕ್ಕೆ ಹೋದರೆ ಕೊಳವೆಯ ಬಾಯಿಯ ವಿಸ್ತಾರ ಸುಮಾರು ನೂರಕ್ಕೆ 28ರಷ್ಟು ಹೆಚ್ಚುತ್ತದೆ. ಅಷ್ಟೇ ಗಾಳಿ ಅಗಲದ ದಾರಿಯಲ್ಲಿ ನಿಧಾನವಾಗಿ ಹರಿಯುತ್ತದೆ, ತಂತಿ ಅಷ್ಟಾಗಿ ತಣ್ಣಗಾಗುವುದಿಲ್ಲ. ಹಳೆಯ ಲೆಕ್ಕವನ್ನೇ ಹಿಡಿದ ಇಸಿಎಂಗೆ ಸುಮಾರು ನೂರಕ್ಕೆ 22ರಷ್ಟು ಗಾಳಿ ಕಡಿಮೆ ಬಂದಂತೆ ಕಾಣುತ್ತದೆ. ಪೆಟ್ರೋಲ್ ಇಂಜಿನ್ ಆದರೆ ಇಂಧನ ಕಡಿಮೆಯಾಗಿ ಬಿಸಿಯಾಗುತ್ತದೆ, ನಾಕಿಂಗ್ (ಒಳಗೆ ಬಡಿದಂತೆ ಸದ್ದು) ಶುರುವಾಗುತ್ತದೆ. ಡೀಸೆಲ್ ಆದರೆ ಇಸಿಎಂ ಡೀಸೆಲ್ ತಡೆದು ಎಳೆತ ಇನ್ನಷ್ಟು ಕುಸಿಯುತ್ತದೆ. ಶಕ್ತಿ ಬರಲಿ ಎಂದು ಕೊಟ್ಟ ದುಡ್ಡು ಇದ್ದ ಶಕ್ತಿಯನ್ನೂ ತಿನ್ನುತ್ತದೆ. ಸೆನ್ಸರಿನ ಜಾಲರಿ ಕಿತ್ತರೆ ಗಾಳಿ ಚೆನ್ನಾಗಿ ಹೋಗುತ್ತದೆ ಎನ್ನುವವರಿಗೂ ಇದೇ ಮಾತು. ಆ ಜಾಲರಿ ಇರುವುದು ಸುಳಿ ಸುತ್ತುವ ಗಾಳಿಯನ್ನು ನೇರ ಮಾಡಿ ಅಳತೆ ಸರಿ ಬರಲಿ ಎಂದು. ದಯವಿಟ್ಟು ಕೀಳಬೇಡಿ.

ಹಂತ 1: ನಿಮ್ಮ ಗಾಡಿಯಲ್ಲಿ ಈ ಸೆನ್ಸರ್ ಇದೆಯೇ?

ಕೇಳುವುದಕ್ಕೆ ಸಣ್ಣ ವಿಷಯ, ಆದರೆ ಇಲ್ಲದ ಸೆನ್ಸರಿಗೆ ದುಡ್ಡು ಕೊಟ್ಟವರನ್ನು ನಾನು ನೋಡಿದ್ದೇನೆ. ಹಳೆಯ ಮೆಕ್ಯಾನಿಕಲ್ ಪಂಪಿನ ಲಾರಿಗಳಲ್ಲಿ ಇದು ಇರುವುದೇ ಇಲ್ಲ. ಎಲೆಕ್ಟ್ರಾನಿಕ್ ಇಂಜಿನ್‌ಗಳಲ್ಲೂ ಹಲವಕ್ಕೆ ಏರ್‌ಫ್ಲೋ ಸೆನ್ಸರ್ ಬದಲು ಮ್ಯಾನಿಫೋಲ್ಡ್ ಮೇಲೆ ಒತ್ತಡ ಮತ್ತು ಉಷ್ಣತೆ ನೋಡುವ ಸೆನ್ಸರ್ ಮಾತ್ರ ಇರುತ್ತದೆ. ಬಾನೆಟ್ ತೆರೆದು ಏರ್ ಫಿಲ್ಟರ್ ಬಾಕ್ಸಿನಿಂದ ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಫ್ಯಾನ್) ಕಡೆ ಹೋಗುವ ದಪ್ಪ ಪೈಪನ್ನು ಹಿಂಬಾಲಿಸಿ. ಬಾಕ್ಸ್ ದಾಟಿದ ಕೂಡಲೇ, ಎರಡು ಸ್ಕ್ರೂ ಹಾಕಿ ಕೂರಿಸಿದ, ನಾಲ್ಕೈದು ವೈರಿನ ಕಪ್ಲರ್ ಇರುವ ಪ್ಲಾಸ್ಟಿಕ್ ತುಂಡು ಕಂಡರೆ ಅದೇ. ಇಂಟರ್‌ಕೂಲರ್ (ಆ ಗಾಳಿ ತಣಿಸುವ ಭಾಗ) ದಾಟಿ ಮ್ಯಾನಿಫೋಲ್ಡ್ ಮೇಲೆ ಕೂತಿರುವುದು ಬೂಸ್ಟ್ ಸೆನ್ಸರ್, ಟರ್ಬೊ ಒತ್ತಡ ನೋಡುವುದು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ದೇಶದಲ್ಲೆಲ್ಲ ಬಿಎಸ್ 4 ಬಂದದ್ದು 2017ರ ಏಪ್ರಿಲ್ 1ರಿಂದ, ಬಿಎಸ್ 6 ಬಂದದ್ದು 2020ರ ಏಪ್ರಿಲ್ 1ರಿಂದ. ಆಮೇಲಿನ ಸಣ್ಣ ಡೀಸೆಲ್ ಪಿಕಪ್ ನಿಮ್ಮದಾದರೆ ಸೆನ್ಸರ್ ಇರುವ ಸಂಭವ ಹೆಚ್ಚು. ಆದರೂ ಕಣ್ಣಾರೆ ನೋಡಿಯೇ ಮುಂದೆ ಹೋಗಿ.

ಹಂತ 2: ಗಾಳಿಯ ದಾರಿ ಹಿಡಿದು ಕೈಯಾಡಿಸಿ

ಇಸಿಎಂ ಒಳಗಿನ ಅಂಕಿ ಓದುವ ಸ್ಕ್ಯಾನರಿಗೆ ಕೈ ಹಾಕುವ ಮೊದಲು ಇದನ್ನು ಮಾಡಿ. ಇದಕ್ಕೆ ಒಂದು ಟಾರ್ಚು, ಒಂದು ಬಟ್ಟೆ, ಸೋಪು ನೀರು ಸಾಕು.

ಫಿಲ್ಟರ್ ಹೊರಗೆ ತೆಗೆಯಿರಿ. ಹಿಂದಿನಿಂದ ಟಾರ್ಚ್ ಹಿಡಿದಾಗ ಬೆಳಕು ಕಾಣಬೇಕು. ಬಾಕ್ಸಿನ ಒಳಗೆ, ಫಿಲ್ಟರ್ ದಾಟಿದ ಕಡೆ ಬೆರಳಾಡಿಸಿ. ಅಲ್ಲಿ ಧೂಳು ಸಿಕ್ಕರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಅಥವಾ ಕಳಪೆಯದು. ಆ ಧೂಳೆಲ್ಲ ನೇರವಾಗಿ ಸೆನ್ಸರಿನ ತಂತಿಗೆ ಹೊಡೆಯುತ್ತದೆ, ಅದನ್ನು ದಾಟಿ ಟರ್ಬೊ ರೆಕ್ಕೆಗೂ ಹೋಗುತ್ತದೆ. ಎಣ್ಣೆ ಹಚ್ಚುವ ಬಗೆಯ ಹತ್ತಿ ಫಿಲ್ಟರ್ ಹಾಕಿಸಿದ್ದರೆ ಎಣ್ಣೆ ಜಾಸ್ತಿಯಾಗಿದೆಯೇ ನೋಡಿ. ಹೆಚ್ಚಾದ ಎಣ್ಣೆ ತಂತಿಗೆ ಅಂಟಿ, ಅದರ ಮೇಲೆ ಧೂಳು ಕೂತು, ತಂತಿಗೆ ಕಂಬಳಿ ಹೊದಿಸಿದಂತಾಗುತ್ತದೆ.

ಆಮೇಲೆ ಪೈಪುಗಳು. ಇಲ್ಲಿ ಜಾಗ ಮುಖ್ಯ. ಸೆನ್ಸರಿಗೂ ಟರ್ಬೊಗೂ ನಡುವೆ ಸೀಳಿದ್ದರೆ, ಅಳತೆಗೆ ಸಿಗದ ಗಾಳಿ ಅಲ್ಲಿಂದ ಕದ್ದು ಒಳನುಗ್ಗುತ್ತದೆ, ಸೆನ್ಸರ್ ಕಡಿಮೆ ತೋರಿಸುತ್ತದೆ. ಟರ್ಬೊ ದಾಟಿದಮೇಲೆ ಸೀಳಿದ್ದರೆ, ಅಳೆದ ಗಾಳಿ ಹೊರಗೆ ಸೋರುತ್ತದೆ. ಆಗ ಸೆನ್ಸರ್ ಹೇಳುವ ಲೆಕ್ಕ ಸರಿಯಾಗಿಯೇ ಇರುತ್ತದೆ, ಸಿಲಿಂಡರಿಗೆ ಮಾತ್ರ ಅಷ್ಟು ಗಾಳಿ ಸೇರಿರುವುದಿಲ್ಲ. ಫಲ, ಹೊಗೆಯ ಜೊತೆ ಎಳೆತ ಕಡಿಮೆ.

ನಮ್ಮ ಮೀನಿನ ಗಾಡಿಗೆ ಆದದ್ದು ಇದೇ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಕೆಳಗಿನ ಹೋಸ್ ನೋಡಿದರೆ ಮೇಲ್ಭಾಗ ಹೊಸದರಂತೆ ಇತ್ತು. ಕೈಯನ್ನು ಕೆಳಗೆ ತೂರಿಸಿ ಬಾಗಿದ ಜಾಗವನ್ನು ಒತ್ತಿದಾಗ ಬೆರಳಿಗೆ ಜಿಡ್ಡು ಹತ್ತಿತು. ಎಣ್ಣೆಗೆ ಧೂಳು ಮೆತ್ತಿ ಒಂದು ಕಪ್ಪು ಪಟ್ಟೆಯಾಗಿತ್ತು. ಒರೆಸಿದರೂ ಏನೂ ಕಾಣಲಿಲ್ಲ. ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರ್‌ನಿಂದ ಒಂದು ಬಾರ್ ಮೀರದಂತೆ ಗಾಳಿ ಕೊಟ್ಟು, ಸೋಪು ನೀರು ಸುರಿದೆವು. ಮುಚ್ಚಿದ ತುಟಿ ತೆರೆದಂತೆ ಎರಡು ಬೆರಳಗಲದ ಸೀಳೊಂದು ಬಾಯಿಬಿಟ್ಟು ನೊರೆ ಉಕ್ಕಿಸಿತು. ಗಾಳಿ ನಿಲ್ಲಿಸಿದರೆ ಮತ್ತೆ ಮುಚ್ಚಿಕೊಂಡು ಮಾಯ. ನಿಂತ ಗಾಡಿಯಲ್ಲಿ ಎಷ್ಟು ಹೊತ್ತು ನೋಡಿದ್ದರೂ ಅದು ಸಿಗುತ್ತಿರಲಿಲ್ಲ. ಡ್ರೈವರ್ ಬಗ್ಗಿ ನೋಡಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಪರೀಕ್ಷೆ ಮಾಡುವಾಗ ಒತ್ತಡ ಮೀರಿಸಬೇಡಿ, ಮುಖವನ್ನು ಮುಚ್ಚಳದ ನೇರಕ್ಕೆ ಒಡ್ಡಬೇಡಿ. ಮುಚ್ಚಳ ಹಾರಿದರೆ ಕಣ್ಣು ಹೋಗುವ ಅಪಾಯವಿದೆ. ಅಭ್ಯಾಸವಿಲ್ಲದವರು ಗ್ಯಾರೇಜಿನಲ್ಲಿ ಮಾಡಿಸಿ.

ಹಂತ 3: ಸ್ಕ್ಯಾನರ್ ಹಾಕಿ ಅಂಕಿ ಓದಿ

ಮೊದಲು ಫಾಲ್ಟ್ ಕೋಡ್ ನೋಡಿ. ಪಿ0100ರಿಂದ ಪಿ0104ರವರೆಗಿನವು ಏರ್‌ಫ್ಲೋ ಸೆನ್ಸರಿಗೆ ಸಂಬಂಧಿಸಿದವು. ಪಿ0102 ಎಂದರೆ ಸಿಗ್ನಲ್ ತೀರಾ ಕಡಿಮೆ, ಪಿ0103 ಎಂದರೆ ತೀರಾ ಹೆಚ್ಚು. ಇವೆರಡು ಬಂದಾಗ ವೈರಿಂಗ್ ಮೇಲೆ ಮೊದಲ ಅನುಮಾನ. ಪಿ0101 ಎಂದರೆ ಸಿಗ್ನಲ್ ಬರುತ್ತಿದೆ, ಆದರೆ ಬೇರೆ ಸೆನ್ಸರ್‌ಗಳ ಲೆಕ್ಕಕ್ಕೆ ಹೊಂದುತ್ತಿಲ್ಲ. ಈ ಕೋಡ್ ನೋಡಿದ ತಕ್ಷಣ ಸೆನ್ಸರ್ ಬದಲಿಸುವವರೇ ಹೆಚ್ಚು. ಕಟ್ಟಿದ ಫಿಲ್ಟರ್, ಸೀಳಿದ ಪೈಪ್, ಮಸಿ ಹಿಡಿದು ಮುಚ್ಚದ ಇಜಿಆರ್ ಇವುಗಳಿಂದಲೂ ಇದೇ ಕೋಡ್ ಬರುತ್ತದೆ. ಪಿ0299 ಇದ್ದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದರ್ಥ, ಮತ್ತೆ ಹಂತ 2ಕ್ಕೆ ಹೋಗಿ.

ಕೋಡ್ ಇಲ್ಲದಿದ್ದರೂ ಲೈವ್ ಡೇಟಾ ನೋಡಬೇಕು. ಡೀಸೆಲ್ ಗಾಡಿಯ ಸ್ಕ್ಯಾನರಿನಲ್ಲಿ ಗಾಳಿಯನ್ನು ಸಾಮಾನ್ಯವಾಗಿ ಒಂದು ಸ್ಟ್ರೋಕಿಗೆ (ಒಂದು ಸಿಲಿಂಡರ್ ಒಮ್ಮೆ ಗಾಳಿ ಎಳೆದಾಗ) ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಬರಬೇಕಾದ ಅಂಕಿಯನ್ನು ನೀವೇ ಲೆಕ್ಕ ಹಾಕಿಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ.

2.5 ಲೀಟರ್, ನಾಲ್ಕು ಸಿಲಿಂಡರ್ ಎಂದರೆ ಒಂದೊಂದು ಸಿಲಿಂಡರಿಗೆ 625 ಮಿಲಿಲೀಟರ್. ಮಂಗಳೂರಿನಲ್ಲಿ, ಸಮುದ್ರ ಮಟ್ಟದಲ್ಲಿ, 30 ಡಿಗ್ರಿ ಸೆಕೆಯಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.16 ಗ್ರಾಂ. ಹಾಗಾಗಿ ಸಿಲಿಂಡರ್ ಪೂರ್ತಿ ತುಂಬಿದರೆ ಸುಮಾರು 725 ಮಿಲಿಗ್ರಾಂ. ಐಡ್ಲಿಂಗ್‌ನಲ್ಲಿ ಅದು ಪೂರ್ತಿ ತುಂಬುವುದಿಲ್ಲ, ನೂರಕ್ಕೆ 80ರಿಂದ 90 ಎಂದಿಟ್ಟುಕೊಳ್ಳಿ. ಇಜಿಆರ್ ಮುಚ್ಚಿರುವಾಗ 580ರಿಂದ 650ರ ಒಳಗೆ ಬಂದರೆ ಸರಿ. ಹಾಸನ ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಬೆಂಗಳೂರೂ ಹಾಗೇ. ಇಲ್ಲಿ ಗಾಳಿ ಹಗುರ. ಅದೇ ಗಾಡಿ, ಅದೇ ಸೆನ್ಸರ್ ಇಲ್ಲಿ 530ರಿಂದ 600 ತೋರಿಸುತ್ತದೆ. ಮಂಗಳೂರಿನ ಮೆಕ್ಯಾನಿಕ್ ಹೇಳಿದ ಅಂಕಿ ಹಿಡಿದುಕೊಂಡು ಹಾಸನದಲ್ಲಿ “ಸೆನ್ಸರ್ ಕಡಿಮೆ ತೋರಿಸುತ್ತಿದೆ” ಎಂದು ಬದಲಿಸಿದ ಗಾಡಿಗಳಿವೆ. ಸಾವಿರ ಮೀಟರ್ ಏರಿದರೆ ಗಾಳಿಯ ಒತ್ತಡ ನೂರಕ್ಕೆ 11ರಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಘಟ್ಟ ಹತ್ತಿ ಇಳಿಯುವ ನಾವು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನಿಮ್ಮ ಸ್ಕ್ಯಾನರ್ ಸೆಕೆಂಡಿಗೆ ಗ್ರಾಂ ಎಂದು ತೋರಿಸಿದರೆ ಹೀಗೆ ಬದಲಿಸಿಕೊಳ್ಳಿ: ಮಿಲಿಗ್ರಾಂ ಅಂಕಿಯನ್ನು ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 120ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಿ. 560 ಮಿಲಿಗ್ರಾಂ, ನಾಲ್ಕು ಸಿಲಿಂಡರ್, 800 ಆರ್‌ಪಿಎಂ ಆದರೆ ಸೆಕೆಂಡಿಗೆ 15 ಗ್ರಾಂ ಹತ್ತಿರ.

ಇಜಿಆರ್ ತೆರೆದಿದ್ದರೆ ಅಂಕಿ ಅರ್ಧದ ಆಸುಪಾಸಿಗೆ ಇಳಿಯಬಹುದು, ಅದು ದೋಷವಲ್ಲ. ಹಾಗಾಗಿ ಇಜಿಆರ್ ಎಷ್ಟು ತೆರೆದಿದೆ ಎಂಬ ಸಾಲನ್ನೂ ಪಕ್ಕದಲ್ಲೇ ಇಟ್ಟು ಓದಿ. ವಾಲ್ವ್ ಮುಚ್ಚಿದೆ ಎಂದು ಸ್ಕ್ಯಾನರ್ ಹೇಳುತ್ತಿದ್ದರೂ ಅಂಕಿ ಮೇಲೇರದಿದ್ದರೆ, ಮಸಿ ಸಿಕ್ಕಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲವೇ ಎಂದು ಬಿಚ್ಚಿ ನೋಡಿ. ಅದು ಸರಿಯಿದ್ದರೆ ಮಾತ್ರ ಸೆನ್ಸರ್ ಕಡೆ ತಿರುಗಿ.

ಪೆಟ್ರೋಲ್ ಗಾಡಿಗೆ ಬೇರೆ ಲೆಕ್ಕ. ಥ್ರಾಟಲ್ ಮುಚ್ಚಿರುವುದರಿಂದ ಐಡ್ಲಿಂಗ್‌ನಲ್ಲಿ ಪ್ರತಿ ಲೀಟರ್ ಇಂಜಿನ್ನಿಗೆ ಸೆಕೆಂಡಿಗೆ ಒಂದು ಗ್ರಾಂ ಆಸುಪಾಸು ಇರುತ್ತದೆ. ಅದರಲ್ಲಿ ಫ್ಯುಯೆಲ್ ಟ್ರಿಮ್ ನೋಡಿ, ಅಂದರೆ ಇಸಿಎಂ ಇಂಧನವನ್ನು ಎಷ್ಟು ತಿದ್ದುತ್ತಿದೆ ಎಂಬ ಅಂಕಿ. ಅದು ಯಾವಾಗಲೂ ನೂರಕ್ಕೆ 10ಕ್ಕಿಂತ ಹೆಚ್ಚು ಮೇಲೋ ಕೆಳಗೋ ಇದ್ದರೆ ಹುಡುಕುವ ಕೆಲಸ ಇದೆ ಎಂದರ್ಥ.

ಕೊನೆಗೆ ರಸ್ತೆ ಮೇಲೆ ನೋಡುವುದು. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಅವರ ಕೈಗೆ ಸ್ಕ್ಯಾನರ್ ಕೊಟ್ಟು, ಖಾಲಿ ರಸ್ತೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿ. ಗಾಳಿಯ ಅಂಕಿ ಮತ್ತು ಬೂಸ್ಟ್ ಎರಡೂ ಜೊತೆಯಾಗಿ ಏರಬೇಕು. ಬೂಸ್ಟ್ ಸರಿಯಾಗಿದ್ದು ಗಾಳಿಯ ಅಂಕಿ ಮಾತ್ರ ಹಿಂದೆ ಬಿದ್ದರೆ ಸೆನ್ಸರ್ ಮೇಲೆ ಗಟ್ಟಿ ಅನುಮಾನ ಇಟ್ಟುಕೊಳ್ಳಿ. ಗಾಳಿಯ ಅಂಕಿ ಸರಿಯಿದ್ದು ಬೂಸ್ಟ್ ಬಿದ್ದರೆ ಸೋರಿಕೆ. ಎರಡೂ ಬಿದ್ದರೆ ಟರ್ಬೊ, ಅದರ ಆಕ್ಚುಯೇಟರ್, ಕಟ್ಟಿದ ಫಿಲ್ಟರ್ ಅಥವಾ ಸೈಲೆನ್ಸರ್ ಕಡೆ ಅಡ್ಡಿ.

ಕಪ್ಲರ್ ಕಿತ್ತು ಓಡಿಸಿ ನೋಡುವುದು

ಇದು ಎಲ್ಲರೂ ಹೇಳುವ ಉಪಾಯ. “ಕಪ್ಲರ್ ಕಿತ್ತೆ, ಗಾಡಿ ಹಾರಿತು, ಅಂದ್ರೆ ಸೆನ್ಸರ್ ಹೋಗಿದೆ.” ಡೀಸೆಲ್ ಗಾಡಿಗೆ ಈ ತೀರ್ಮಾನ ಅರ್ಧ ಮಾತ್ರ ಸರಿ. ಕಪ್ಲರ್ ಕಿತ್ತಾಗ ಹಲವು ಗಾಡಿಗಳಲ್ಲಿ ಇಸಿಎಂ ಇಜಿಆರ್ ಅನ್ನು ಮುಚ್ಚಿಬಿಡುತ್ತದೆ. ಕಾಯಿಲೆ ಇಜಿಆರ್‌ನದ್ದಾಗಿದ್ದರೂ ಗಾಡಿ ಚುರುಕಾದಂತೆ ಅನಿಸುತ್ತದೆ. ಇನ್ನು ಕೆಲವು ಗಾಡಿಗಳು ಕಪ್ಲರ್ ಕಿತ್ತ ಕೂಡಲೇ, ಇಂಜಿನ್ ಕಾಪಾಡಲು ಶಕ್ತಿ ತಗ್ಗಿಸುವ ಲಿಂಪ್ ಮೋಡ್‌ಗೆ ಹೋಗಿ ಮೊದಲಿಗಿಂತ ಮಂದವಾಗುತ್ತವೆ. ಆದ್ದರಿಂದ ಇದನ್ನು ಒಂದು ಸುಳಿವು ಎಂದಷ್ಟೇ ಇಟ್ಟುಕೊಳ್ಳಿ. ಹಾಗೇ ಬಿಟ್ಟುಕೊಂಡು ವಾರಗಟ್ಟಲೆ ಓಡಿಸಬೇಡಿ.

ಹಂತ 4: ಕಪ್ಲರ್ ಮತ್ತು ವೈರ್

ಮೀನಿನ ಗಾಡಿಗಳಿಗೆ ಈ ಹಂತ ತುಂಬ ಮುಖ್ಯ. ಐಸ್ ಕರಗಿದ ಉಪ್ಪುನೀರು ಎಲ್ಲೆಲ್ಲಿಗೋ ಸಿಡಿಯುತ್ತದೆ, ಕರಾವಳಿಯ ಗಾಳಿಯೂ ಉಪ್ಪು. ಕಪ್ಲರ್ ತೆಗೆದು ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಹಸಿರು ಕಿಲುಬು ಹತ್ತಿದ್ದರೆ ಸೆನ್ಸರ್ ಎಷ್ಟು ಸರಿಯಿದ್ದರೂ ಸುದ್ದಿ ತಪ್ಪಾಗಿ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಒಣಗಿಸಿ, ಸಡಿಲವಾದ ಪಿನ್ ಬಿಗಿ ಮಾಡಿ.

ಮಲ್ಟಿಮೀಟರ್ ಇದ್ದರೆ ಕೀ ಆನ್ ಮಾಡಿ ಸಪ್ಲೈ ಪಿನ್ನಿಗೆ ಬ್ಯಾಟರಿ ವೋಲ್ಟ್ ಬರುತ್ತಿದೆಯೇ ನೋಡಿ. ಸೆನ್ಸರ್ ಜೋಡಿಸಿರುವಾಗಲೇ ಅರ್ತ್ ಪಿನ್ನಿನಿಂದ ಬ್ಯಾಟರಿ ಮೈನಸ್‌ಗೆ ಅಳೆದರೆ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಹಳೆಯ ಬಗೆಯ ಬಾಷ್ ಸೆನ್ಸರ್‌ಗಳಲ್ಲಿ ಇಂಜಿನ್ ನಿಂತು ಕೀ ಆನ್ ಇರುವಾಗ ಸಿಗ್ನಲ್ ಸುಮಾರು 1 ವೋಲ್ಟ್ ಇರುತ್ತದೆ. ಹೊಸ ಸೆನ್ಸರ್‌ಗಳು ವೋಲ್ಟ್ ಬದಲು ಫ್ರೀಕ್ವೆನ್ಸಿಯಲ್ಲೋ ಡಿಜಿಟಲ್ ಆಗಿಯೋ ಸುದ್ದಿ ಕಳಿಸುತ್ತವೆ. ಅವನ್ನು ವೋಲ್ಟ್ ಮೀಟರಿನಲ್ಲಿ ಅಳೆದು ಕೆಟ್ಟಿದೆ ಎನ್ನಬೇಡಿ, ಸ್ಕ್ಯಾನರ್ ನಂಬಿ.

ಹಂತ 5: ತೊಳೆದು ನೋಡಿ

ಅಂಕಿ ಕಡಿಮೆ ಬರುತ್ತಿದೆ, ಪೈಪ್, ಇಜಿಆರ್, ವೈರ್ ಎಲ್ಲ ಸರಿಯಿದೆ ಎಂದಾದರೆ ಬದಲಿಸುವ ಮೊದಲು ಒಮ್ಮೆ ತೊಳೆಯಿರಿ. ಇಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಡಿ, ತಂತಿ ತಣ್ಣಗಾಗಲಿ. ಕಪ್ಲರ್ ತೆಗೆದು, ಸ್ಕ್ರೂ ಬಿಚ್ಚಿ (ಬಹುಪಾಲು ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಬೇಕಾಗುತ್ತದೆ, ಇಲ್ಲದಿದ್ದರೆ ಒತ್ತಾಯ ಮಾಡಬೇಡಿ), ಸೆನ್ಸರನ್ನು ನೇರವಾಗಿ ಮೇಲಕ್ಕೆ ಎಳೆಯಿರಿ.

ಏರ್‌ಫ್ಲೋ ಸೆನ್ಸರಿಗೆಂದೇ ಮಾಡಿದ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ. ಕಾರ್ಬ್ಯುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್, ಪೆಟ್ರೋಲ್, ಥಿನ್ನರ್ ಯಾವುದೂ ಬೇಡ. ಅವು ಪ್ಲಾಸ್ಟಿಕ್ ತಿನ್ನುತ್ತವೆ, ಇಲ್ಲವೇ ಪದರ ಬಿಟ್ಟು ಹೋಗುತ್ತವೆ. ಒಂದು ಗೇಣು ದೂರದಿಂದ ಹತ್ತು ಹದಿನೈದು ಸಲ ಚಿಮುಕಿಸಿ. ಬೆರಳು, ಬ್ರಷ್, ಬಟ್ಟೆ, ಕಿವಿಗೆ ಹಾಕುವ ಹತ್ತಿಕಡ್ಡಿ ಯಾವುದನ್ನೂ ತಂತಿಗೆ ತಾಗಿಸಬೇಡಿ. ಕಂಪ್ರೆಸರ್ ಗಾಳಿ ಹೊಡೆದರೆ ಪೊರೆ ಹರಿದು ಅಲ್ಲಿಗೇ ಮುಗಿಯಿತು. ಈ ಸ್ಪ್ರೇ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ಬೀಡಿ ಸಿಗರೇಟು ಇರಕೂಡದು. ಅರ್ಧ ಗಂಟೆ ತಾನಾಗಿ ಒಣಗಲು ಬಿಟ್ಟು, ಬಾಣದ ಗುರುತು ಇಂಜಿನ್ ಕಡೆ ಇರುವಂತೆ ಕೂರಿಸಿ. ಮತ್ತೆ ಹಂತ 3ರ ಅಂಕಿ ನೋಡಿ. ಏರಿದ್ದರೆ ನಿಮ್ಮ ದುಡ್ಡು ಉಳಿಯಿತು. ತೊಳೆದರೂ ಅಲ್ಲೇ ನಿಂತಿದ್ದರೆ ಸೆನ್ಸರ್ ಸೋತಿದೆ.

ಹಂತ 6: ಬದಲಿಸುವುದಾದರೆ

ಹಳೆಯ ಸೆನ್ಸರಿನ ಮೈಮೇಲೆ ಇರುವ ಪಾರ್ಟ್ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅದೇ ನಂಬರ್, ಅಥವಾ ಕಂಪನಿಯೇ ಅದರ ಬದಲಿಗೆ ಹೇಳಿದ ನಂಬರ್ ಮಾತ್ರ ತನ್ನಿ. ಆಕಾರ ಒಂದೇ, ಕಪ್ಲರ್ ಒಂದೇ ಎಂದು ಅಂಗಡಿಯವರು ಬೇರೆ ಗಾಡಿಯದನ್ನು ಕೊಟ್ಟರೆ ಬೇಡ ಎನ್ನಿ. ಹೊರಗಿನಿಂದ ಅವಳಿ ಮಕ್ಕಳಂತೆ ಕಾಣುವ ಎರಡು ಸೆನ್ಸರ್‌ಗಳ ಒಳಗಿನ ಲೆಕ್ಕ ಬೇರೆ ಬೇರೆ ಇರುತ್ತದೆ. ಬಾಷ್ ಸೆನ್ಸರ್‌ಗಳಲ್ಲಿ ಡೀಸೆಲ್‌ನವು 0 281ರಿಂದಲೂ ಪೆಟ್ರೋಲ್‌ನವು 0 280ರಿಂದಲೂ ಶುರುವಾಗುತ್ತವೆ, ಮೊದಲ ಜರಡಿಗೆ ಇದು ಸಾಕು. ನಕಲಿ ಮಾಲು ತುಂಬ ಓಡಾಡುತ್ತಿದೆ. ಬಿಲ್ ಇಲ್ಲದೆ ತರಬೇಡಿ, ಅಂಕಿ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುವಿರಾ ಎಂದು ಮೊದಲೇ ಕೇಳಿ.

ಹಾಕಿದಮೇಲೆ ಕೋಡ್ ಅಳಿಸಿ. ಹಳೆಯ ಸೆನ್ಸರಿಗೆ ಹೊಂದಿಕೊಂಡ ತಿದ್ದುಪಡಿಗಳನ್ನು ಇಸಿಎಂ ನೆನಪಿಟ್ಟುಕೊಂಡಿರುತ್ತದೆ. ಆ ಅಡಾಪ್ಟೇಶನ್ ರೀಸೆಟ್ ಮಾಡುವ ಸೌಲಭ್ಯ ಸ್ಕ್ಯಾನರಿನಲ್ಲಿದ್ದರೆ ಮಾಡಿ. ಇಲ್ಲದಿದ್ದರೆ ಹೊಸ ಸೆನ್ಸರ್ ಹಾಕಿಯೂ ಕೆಲವು ದಿನ ಗಾಡಿ ಅಷ್ಟಕ್ಕಷ್ಟೇ ಅನಿಸಬಹುದು.

ಪವರ್ ಚಿಪ್, ಇಜಿಆರ್ ಬಂದ್ ಮಾಡಿಸುವುದು

ಏರ್‌ಫ್ಲೋ ಸೆನ್ಸರಿನ ವೈರಿಗೆ ಸಿಕ್ಕಿಸುವ ಅಗ್ಗದ ‘ಪವರ್ ಚಿಪ್’ಗಳನ್ನು ನಾನು ಒಡೆದು ನೋಡಿದ್ದೇನೆ. ಒಳಗಿರುವುದು ಕೆಲವು ರೂಪಾಯಿಯ ಒಂದು ರೆಸಿಸ್ಟರ್. ಒಳಬರುವ ಗಾಳಿ ತಣ್ಣಗಿದೆ ಎಂದು ಇಸಿಎಂಗೆ ಸುಳ್ಳು ಹೇಳುವುದಷ್ಟೇ ಅದರ ಕೆಲಸ. ನನಗೆ ಇದನ್ನು ಮಾರುವವರ ಮೇಲೆ ಸಿಟ್ಟಿದೆ. ದಿನದ ದುಡಿಮೆಯವರ ಕಷ್ಟದ ದುಡ್ಡು ಅದು.

ಇಜಿಆರ್ ಮುಚ್ಚಿಸುವುದು, ಇಸಿಎಂ ಮ್ಯಾಪ್ ಬದಲಿಸುವುದು ಬೇರೆ ತೊಡಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಹೇಳಿದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ಬಾಡಿಗೆ ಓಡಿಸಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಾದ ಗಾಡಿಗೆ ಈ ಅಪಾಯ ಬೇಡವೇ ಬೇಡ.

ಎಲ್ಲ ಅಂಕಿ ಸರಿಯಿದ್ದೂ ಎಳೆತ ಇಲ್ಲವೆಂದರೆ ಡೀಸೆಲ್ ಫಿಲ್ಟರ್, ಇಂಜೆಕ್ಟರ್, ಜಾರುವ ಕ್ಲಚ್, ಬಿಡದೆ ಹಿಡಿಯುವ ಬ್ರೇಕ್, ಟೈರಿನ ಗಾಳಿ ನೋಡಿ. ಆಮೇಲೆ ಹೇರುವ ಲೋಡನ್ನೂ.

ಮೀನಿನ ಗಾಡಿಗೆ ನಾವು ಹೊಸ ಹೋಸ್ ಹಾಕಿ, ಎರಡು ಕ್ಲಾಂಪ್ ಬದಲಿಸಿದೆವು. ಕಪ್ಲರಿನ ಕಿಲುಬು ತೆಗೆದು, ಹಳೆಯ ಸೆನ್ಸರನ್ನೇ ತೊಳೆದು ಕೂರಿಸಿದೆವು. ಬಿಸಿ ಇಂಜಿನ್, ಐಡ್ಲಿಂಗ್, ಇಜಿಆರ್ ಮುಚ್ಚಿದ್ದಾಗ 565 ಮಿಲಿಗ್ರಾಂ. ಆ ಅಂಕಿಯನ್ನೂ ತಾರೀಖನ್ನೂ ಏರ್ ಫಿಲ್ಟರ್ ಬಾಕ್ಸಿನ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದೆ. ಗಾಡಿ ಚೆನ್ನಾಗಿರುವಾಗಲೇ ನೀವೂ ಹೀಗೆ ಬರೆದಿಡಿ, ಊರಿನ ಹೆಸರು ಸಮೇತ. ಮುಂದೆ ಯಾವತ್ತಾದರೂ ಎಳೆತ ಕುಂದಿದಾಗ ಹೋಲಿಸಲು ನಿಮ್ಮದೇ ಗಾಡಿಯ ಅಂಕಿ ಕೈಯಲ್ಲಿರುತ್ತದೆ.

ಒಂಬತ್ತು ದಿನ ಬಿಟ್ಟು ಅವನು ಮತ್ತೆ ಬಂದ. ಗುಂಡ್ಯದ ಏರನ್ನು ಮೂರನೇ ಗೇರಿನಲ್ಲೇ ಹತ್ತಿಸಿದ್ದನಂತೆ. ಡಬ್ಬಿ ಸೀಲ್ ಬಿಚ್ಚದೆ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ವಾಪಸ್ ಕೊಡಲು ಹೊರಟಿದ್ದ. ಮುಚ್ಚಳದ ಮೇಲೆ ನಾನು ಬರೆದ ಅಂಕಿಯ ಕೆಳಗೆ ಅವನ ಕೈಬರಹದಲ್ಲಿ ಇನ್ನೊಂದು ಸಾಲಿತ್ತು: ಮಂಗಳೂರು, 620.